ಚುಚ್ಚಿದ ಸೂಜಿ, ಹೇಳದೆ ಕಳೆದ 33 ಗಂಟೆ

(ಗುರುತು ಸಿಗದ ಹಾಗೆ ಹೆಸರು ಮತ್ತು ಕೆಲವು ವಿವರಗಳನ್ನು ಬದಲಿಸಿದೆ.)

ಗೌರಮ್ಮನವರಿಗೆ 43 ವರ್ಷ. ಜಿಲ್ಲಾ ಕೇಂದ್ರವೊಂದರ ಖಾಸಗಿ ಆಸ್ಪತ್ರೆಯಲ್ಲಿ ಏಜೆನ್ಸಿ ಮೂಲಕ ಆಯಾ ಕೆಲಸ. ನಿದ್ದೆ ಬರುತ್ತಿಲ್ಲ, ಸೊಂಟ ಹಿಡಿದುಕೊಂಡಿದೆ ಎಂದು ವಾರ್ಡಿನ ಸಿಸ್ಟರ್ ಒಬ್ಬರು ಆಪ್ತಸಲಹೆಗೆ ಕಳಿಸಿದ್ದರು. ಮಂಗಳವಾರ ಬೆಳಿಗ್ಗೆ 11 ಗಂಟೆ. ಮಾತಾಡುವಾಗೆಲ್ಲ ಎಡಗೈಯ ತೋರುಬೆರಳನ್ನು ಹೆಬ್ಬೆರಳಿಂದ ಒತ್ತಿ ಒತ್ತಿ ನೋಡಿಕೊಳ್ಳುತ್ತಿದ್ದರು. ಬೆರಳಿಗೆ ಪಟ್ಟಿ, ಅದರ ಅಂಚಿನಲ್ಲಿ ಅರಿಶಿನದ ಕಲೆ.

"ಅಕ್ಕ, ಬೆರಳಿಗೆ ಏನಾಯ್ತು?" ಎಂದು ಸಲಹೆಗಾರರು ಕೇಳಿದರು.

"ಏನಿಲ್ಲ ಮೇಡಂ, ಭಾನುವಾರ ನೈಟ್ ಡ್ಯೂಟೀಲಿ ಸೂಜಿ ಚುಚ್ಚಿತು. ಯಾರಿಗೂ ಹೇಳ್ಬೇಡಿ. ಸೂಪರ್‌ವೈಸರ್‌ಗೆ ಗೊತ್ತಾದ್ರೆ ನಿನ್ನದೇ ತಪ್ಪು ಅಂತ ಕೆಲಸ ಬಿಡಿಸ್ತಾರೆ."

ರಾತ್ರಿ 2ರ ಹೊತ್ತಿಗೆ ಕಸದ ಚೀಲ ಕಟ್ಟುವಾಗ ಆದದ್ದು. ಅಂದರೆ ಚುಚ್ಚಿ 33 ಗಂಟೆ ಕಳೆದಿದೆ. ಇಂಥ ಹೊತ್ತಿನಲ್ಲಿ ನಿದ್ದೆಯ ಬಗ್ಗೆ, ಭಯದ ಬಗ್ಗೆ ಮಾತಾಡುತ್ತ ಕೂರಬಾರದು. ಎಚ್‌ಐವಿ ತಡೆಯುವ ಮಾತ್ರೆಯನ್ನು 2 ಗಂಟೆಯೊಳಗೆ ಶುರು ಮಾಡಿದರೆ ಒಳ್ಳೆಯದು, 72 ಗಂಟೆ ದಾಟಿದ ಮೇಲೆ ಅದರಿಂದ ಪ್ರಯೋಜನವಿಲ್ಲ. ಸಲಹೆಗಾರರು ಮಾತು ಅಲ್ಲಿಗೇ ನಿಲ್ಲಿಸಿ, ಗೌರಮ್ಮನವರನ್ನು ಜೊತೆಯಲ್ಲೇ ಕ್ಯಾಶುವಲ್ಟಿಗೆ (ತುರ್ತು ಚಿಕಿತ್ಸಾ ವಿಭಾಗ) ಕರೆದುಕೊಂಡು ಹೋದರು.

ಚುಚ್ಚಿದ ಕೂಡಲೇ ಗೌರಮ್ಮ ಬೆರಳು ಹಿಂಡಿ ರಕ್ತ ತೆಗೆದಿದ್ದರು, ಸ್ಪಿರಿಟ್ ಸುರಿದಿದ್ದರು, ಮನೆಗೆ ಹೋಗಿ ಅರಿಶಿನ ಮೆತ್ತಿದ್ದರು. ಹಿಂಡಿದರೆ, ಉರಿಯುವ ದ್ರವ ಹಾಕಿದರೆ ಆ ಜಾಗದ ಚರ್ಮಕ್ಕೇ ಪೆಟ್ಟು. ಗ್ಲೌಸ್ ಬಿಚ್ಚಿ, ಹರಿಯುವ ನೀರಿನಲ್ಲಿ ಸೋಪು ಹಾಕಿ ತೊಳೆಯಬೇಕು, ಅಷ್ಟೇ. ಬೆರಳನ್ನು ಬಾಯಿಗಿಡಬಾರದು. ತೊಳೆದು ನೇರ ಕ್ಯಾಶುವಲ್ಟಿಗೆ ಹೋಗಬೇಕು, ಡ್ಯೂಟಿ ಮುಗಿಯಲಿ ಎಂದು ಕಾಯಬಾರದು.

ಯಾರಿಗೆ ಬಳಸಿದ ಸೂಜಿ ಎಂಬುದು ಗೊತ್ತಾಗಲಿಲ್ಲ. ವೈದ್ಯರು ಎಲ್ಲ ಕೇಳಿಕೊಂಡು ಮಾತ್ರೆ ಶುರು ಮಾಡಿದರು: ಟೆನೋಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಸೇರಿದ ಒಂದೇ ಮಾತ್ರೆ, ದಿನಕ್ಕೊಂದು, 28 ದಿನ. ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ (ಯಕೃತ್ತಿಗೆ ತಗಲುವ ಸೋಂಕುಗಳು), ಮೂತ್ರಪಿಂಡದ ಕ್ರಿಯಾಟಿನಿನ್ ಪರೀಕ್ಷೆಗೆ ಅಂದೇ ರಕ್ತ ತೆಗೆದರು. ಈ ಮೊದಲ ಪರೀಕ್ಷೆಗಳು ಮುಖ್ಯ. ಮುಂದೆ ಏನಾದರೂ ಕಂಡುಬಂದರೆ, ಅದು ಕೆಲಸದಿಂದ ಬಂದದ್ದು ಎಂದು ತೋರಿಸಲು ಇದೇ ಆಧಾರ.

ಮೊದಲ ಮಾತ್ರೆ ನುಂಗಿದ ಮೇಲೆ ಮಾತು ಮುಂದುವರಿಯಿತು. ಗೌರಮ್ಮನವರ ಕೈಚೀಲ ತೆಗೆಸಿ ನೋಡಿದ್ದು ಒಳ್ಳೆಯದಾಯಿತು. ಸೊಂಟನೋವಿಗೆ ಮೆಡಿಕಲ್ ಶಾಪಿನಿಂದ ತಂದ ಡೈಕ್ಲೋಫಿನ್ಯಾಕ್ ಮಾತ್ರೆಯ ಸ್ಟ್ರಿಪ್ ಅರ್ಧ ಖಾಲಿಯಾಗಿತ್ತು, ಜೊತೆಗೆ ರಕ್ತಹೀನತೆಗೆ ಕೊಟ್ಟ ಕಬ್ಬಿಣದ ಮಾತ್ರೆ. ಟೆನೋಫೊವಿರ್ ಜೊತೆ ಡೈಕ್ಲೋಫಿನ್ಯಾಕ್ ತೆಗೆದುಕೊಂಡರೆ ಮೂತ್ರಪಿಂಡಕ್ಕೆ ಅಪಾಯ. ವೈದ್ಯರು ಅದನ್ನು ನಿಲ್ಲಿಸಿ ಪ್ಯಾರಾಸಿಟಮಾಲ್ ಬರೆದರು. ಕಬ್ಬಿಣ ಡೊಲುಟೆಗ್ರಾವಿರ್ ಮೈಗೆ ಹತ್ತದಂತೆ ಮಾಡುತ್ತದೆ, ಅಲ್ಯೂಮಿನಿಯಂ, ಮೆಗ್ನೀಷಿಯಂ ಇರುವ ಆಸಿಡಿಟಿಯ ಔಷಧಗಳೂ ಹಾಗೆಯೇ. ಹಾಗಾಗಿ ಕಬ್ಬಿಣದ ಮಾತ್ರೆ ಬೆಳಿಗ್ಗೆ 8ಕ್ಕೆ, ಈ ಮಾತ್ರೆ ರಾತ್ರಿ 9ಕ್ಕೆ ಎಂದು ಚೀಟಿ ಬರೆದುಕೊಟ್ಟರು. ಮೊದಲ ವಾರ ವಾಕರಿಕೆ, ತಲೆನೋವು ಬಂದೀತು. ಅದಕ್ಕಾಗಿ ಮಾತ್ರೆ ಬಿಡಬಾರದು.

"ನನಗೆ ಆ ಕಾಯಿಲೆ ಬಂದೇಬಿಟ್ಟಿದೆ ಅನ್ಸುತ್ತೆ ಮೇಡಂ."

ಭಯಪಡಬೇಡಿ ಎಂದರೆ ಭಯ ಹೋಗುವುದಿಲ್ಲ, ಲೆಕ್ಕ ಹೇಳಬೇಕು. ಎಚ್‌ಐವಿ ಇರುವ ರಕ್ತದ ಸೂಜಿ ಸಾವಿರ ಜನರಿಗೆ ಚುಚ್ಚಿದರೆ, ಮಾತ್ರೆ ನುಂಗದಿದ್ದರೂ, ಸೋಂಕು ತಗಲುವುದು ಸುಮಾರು ಮೂವರಿಗೆ. ಹೆಪಟೈಟಿಸ್ ಬಿ ಹಾಗಲ್ಲ: ಲಸಿಕೆ ಹಾಕಿಸಿಕೊಳ್ಳದ 100 ಜನರಲ್ಲಿ 6ರಿಂದ 30 ಮಂದಿಗೆ ತಗಲಬಹುದು. ಎಲ್ಲರೂ ಹೆದರುವುದು ಎಚ್‌ಐವಿಗೆ, ಆದರೆ ಹೆಚ್ಚು ಎಚ್ಚರ ಬೇಕಿರುವುದು ಇದಕ್ಕೆ. ಗೌರಮ್ಮನವರಿಗೆ ಎರಡು ಡೋಸ್ ಆಗಿತ್ತು. ಅಷ್ಟರಲ್ಲಿ ಏಜೆನ್ಸಿ ಬದಲಾಗಿ ಮೂರನೆಯದು ತಪ್ಪಿಹೋಗಿತ್ತು. ಇಂಥವರು ಮೊದಲಿನಿಂದ ಶುರು ಮಾಡಬೇಕಿಲ್ಲ, ಬಾಕಿ ಡೋಸ್ ಹಾಕಿದರೆ ಸಾಕು. ಅದಕ್ಕೂ ಮೊದಲು ರಕ್ತದಲ್ಲಿ ರಕ್ಷಣೆ ಎಷ್ಟಿದೆ ಎಂದು ನೋಡುತ್ತಾರೆ. ಅದು ಮಿಲಿಲೀಟರಿಗೆ 10 ಮಿಲಿ-ಯೂನಿಟ್‌ಗಿಂತ (mIU/ml) ಕಡಿಮೆ ಇದ್ದರೆ ಇಮ್ಯುನೊಗ್ಲಾಬ್ಯುಲಿನ್ (ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು) ಬೇಕೇ ಎಂದು ವೈದ್ಯರು ತೀರ್ಮಾನಿಸುತ್ತಾರೆ. ಹೆಪಟೈಟಿಸ್ ಸಿಗೆ ತಡೆಮಾತ್ರೆ ಇಲ್ಲ, ಆದರೆ ಬಂದರೆ ಸಾಮಾನ್ಯವಾಗಿ 12 ವಾರದ ಮಾತ್ರೆಯಲ್ಲಿ ವಾಸಿಯಾಗುತ್ತದೆ.

ಗಂಡನಿಗೆ ಏನು ಹೇಳುವುದು ಎಂಬುದೇ ಗೌರಮ್ಮನವರಿಗೆ ಎಲ್ಲಕ್ಕಿಂತ ಕಷ್ಟದ ಪ್ರಶ್ನೆ. ಪರೀಕ್ಷೆಗಳು ಮುಗಿಯುವವರೆಗೆ ಕಾಂಡೋಮ್ ಬೇಕು, ರಕ್ತದಾನ ಕೂಡದು. ಸಲಹೆಗಾರರು ಮಾತನ್ನೇ ಹೊಂದಿಸಿಕೊಟ್ಟರು: "ಕೆಲಸದಲ್ಲಿ ಸೂಜಿ ಚುಚ್ಚಿದೆ, ಡಾಕ್ಟರು ಮುಂಜಾಗ್ರತೆಗೆ ಮಾತ್ರೆ ಕೊಟ್ಟಿದಾರೆ, ಪರೀಕ್ಷೆ ಎಲ್ಲ ಮುಗಿಯೋವರೆಗೂ ಹುಷಾರಾಗಿರಬೇಕಂತೆ." ಗಂಡ ನಂಬದಿದ್ದರೆ ಇಬ್ಬರೂ ಬನ್ನಿ ಎಂದರು. ಮೂರನೇ ದಿನ ಇಬ್ಬರೂ ಬಂದರು.

ಇನ್ನು ಕೆಲಸದ ವಿಚಾರ. 2017ರ ಎಚ್‌ಐವಿ ಕಾಯ್ದೆ ಪ್ರಕಾರ, ಆಸ್ಪತ್ರೆಯಲ್ಲಿ ಸೋಂಕಿಗೆ ಒಡ್ಡಿಕೊಳ್ಳುವ ಎಲ್ಲರಿಗೂ ತಡೆಮಾತ್ರೆ ಮತ್ತು ತರಬೇತಿ ಕೊಡುವುದು ಸಂಸ್ಥೆಯ ಹೊಣೆ. ಏಜೆನ್ಸಿಯವರು ಎಂದು ಬಿಡುವಂತಿಲ್ಲ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳು ಹೆಪಟೈಟಿಸ್ ಬಿ, ಟೆಟನಸ್ ಲಸಿಕೆಯನ್ನೂ ವರ್ಷಕ್ಕೊಮ್ಮೆ ಆರೋಗ್ಯ ತಪಾಸಣೆಯನ್ನೂ ಕಡ್ಡಾಯ ಮಾಡಿವೆ. ಗೌರಮ್ಮನವರ ಸಂಬಳದಲ್ಲಿ ಇಎಸ್‌ಐಗೆ (ನೌಕರರ ರಾಜ್ಯ ವಿಮೆ) ಶೇ. 0.75 ಕಡಿತವಾಗುತ್ತಿತ್ತು, ಹಾಗಾಗಿ ಇದನ್ನು ಕೆಲಸದ ಗಾಯ ಎಂದು ಬರೆಸಬೇಕು. ಅರ್ಜಿಯಲ್ಲಿ ದಿನಾಂಕ, ಗಂಟೆ, ವಾರ್ಡ್, ಯಾವ ಚೀಲ, ಯಾವ ಸೂಜಿ, ಯಾರಿಗೆ ಯಾವಾಗ ಹೇಳಿದ್ದು ಇಷ್ಟು ಬರೆಸಿ, ಒಂದು ಪ್ರತಿಗೆ ಸೀಲು ಹಾಕಿಸಿ ಅವರ ಕೈಗೇ ಕೊಟ್ಟರು.

ಸೋಂಕು ನಿಯಂತ್ರಣದ ಸಿಸ್ಟರ್ ಜೊತೆ ನೋಡಿದಾಗ ಕಾರಣ ಸರಳವಾಗಿತ್ತು. ಸೂಜಿ ಹಾಕುವ ಬಿಳಿ ಡಬ್ಬಿ ಇದ್ದದ್ದು ಸಿಸ್ಟರ್‌ಗಳ ಟೇಬಲ್ ಬಳಿ, ಕ್ಯಾನುಲಾ (ರಕ್ತನಾಳಕ್ಕೆ ಸೇರಿಸುವ ಸಣ್ಣ ನಳಿಕೆ) ಹಾಕುತ್ತಿದ್ದದ್ದು ಕೊನೆಯ ಹಾಸಿಗೆಯಲ್ಲಿ. ಒಳಸೂಜಿ ಹತ್ತಿರದ ಕೆಂಪು ಚೀಲಕ್ಕೆ ಬಿತ್ತು. ಚೀಲ ತುಂಬಿ ತುಳುಕುತ್ತಿತ್ತು, ಗಂಟು ಹಾಕಲು ಗೌರಮ್ಮ ಅದನ್ನು ಕೈಯಿಂದ ಅದುಮಿದರು. ರೋಗಿ ಮುಟ್ಟುವ ತೆಳು ಗ್ಲೌಸ್ ಸೂಜಿಯನ್ನು ತಡೆಯುವುದಿಲ್ಲ. ಈಗ ಟ್ರಾಲಿಗೇ ಡಬ್ಬಿ ಸಿಕ್ಕಿಸಿದ್ದಾರೆ. ಮುಕ್ಕಾಲು ತುಂಬಿದ ಕೂಡಲೇ ಚೀಲ ಕಟ್ಟಬೇಕು, ಅದುಮಬಾರದು, ಕುತ್ತಿಗೆ ಹಿಡಿದು ಕಾಲಿಗೆ ತಾಗದಂತೆ ಒಯ್ಯಬೇಕು, ದಪ್ಪ ರಬ್ಬರ್ ಗ್ಲೌಸ್ ಹಾಕಬೇಕು.

ಸೊಂಟನೋವು ಮಾತ್ರ ಇನ್ನೂ ಬಗೆಹರಿದಿಲ್ಲ. ರಾತ್ರಿ ಪಾಳಿಯಲ್ಲಿ ಆಯಾ ಒಬ್ಬರೇ, ಎರಡನೆಯವರನ್ನು ಕೊಡಲು ಏಜೆನ್ಸಿ ಒಪ್ಪಿಲ್ಲ. ಸದ್ಯಕ್ಕೆ ರೋಗಿಯನ್ನು ಹೊರಳಿಸುವಾಗ ಸಿಸ್ಟರನ್ನು ಕರೆಯದೆ ಮುಟ್ಟಬಾರದು, ಹಾಸಿಗೆಯ ಬ್ರೇಕ್ ಹಾಕಿ ಸೊಂಟದ ಎತ್ತರಕ್ಕೆ ಏರಿಸಿಕೊಳ್ಳಬೇಕು, ತೋಳು ಹಿಡಿದು ಎಳೆಯದೆ ಕೆಳಗೆ ಹಾಸಿದ ಅಡ್ಡ ಬಟ್ಟೆ ಹಿಡಿದು ಎಳೆಯಬೇಕು, ಸೊಂಟ ತಿರುಚದೆ ಪಾದ ತಿರುಗಿಸಬೇಕು. ಯಾರೂ ಸಿಗದ ರಾತ್ರಿಯ ದಿನಾಂಕವನ್ನು ಡೈರಿಯಲ್ಲಿ ಗುರುತು ಹಾಕಿಕೊಳ್ಳಲು ಸಲಹೆಗಾರರು ಹೇಳಿದ್ದಾರೆ. ಕಾಲಿಗೆ ಜೋಮು ಇಳಿದರೆ, ಮೂತ್ರ ಕಟ್ಟಿದರೆ ಅಂದೇ ವೈದ್ಯರ ಬಳಿ ಹೋಗಬೇಕು.

28 ಮಾತ್ರೆಯನ್ನೂ ಗೌರಮ್ಮ ತಪ್ಪದೆ ನುಂಗಿದರು. 6 ವಾರ, 3 ತಿಂಗಳ ಎಚ್‌ಐವಿ ಪರೀಕ್ಷೆಗಳು ನೆಗೆಟಿವ್ ಬಂದಿವೆ. 6 ತಿಂಗಳ ಪರೀಕ್ಷೆಯ ದಿನಾಂಕವನ್ನು ಕೊರಳಿನ ಗುರುತಿನ ಚೀಟಿಯ ಹಿಂದೆ ಬರೆದುಕೊಂಡಿದ್ದಾರೆ.