ಮೈಸೂರಿನಲ್ಲಿ ಎರಡಡಿ ಟ್ಯಾಂಕ್‌ಗೆ ಮಂಗಳೂರಿನಿಂದ ಸಮುದ್ರದ ನೀರು ತರಬಹುದಾ?

ನೀವು ಕೇಳಿದ್ದು ಇಷ್ಟು: ಎರಡಡಿ ಟ್ಯಾಂಕ್ ಇದೆ, ಅದರಲ್ಲಿ ಕ್ಲೌನ್ ಮೀನು, ಹವಳ ಸಾಕುವ ಆಸೆ. ಮಂಗಳೂರಿಗೆ ಹೋದಾಗ ಕ್ಯಾನ್‌ನಲ್ಲಿ ಸಮುದ್ರದ ನೀರು ತಂದರೆ ಆಗುತ್ತಾ?

ಬೇಡ. ನೇತ್ರಾವತಿ, ಗುರುಪುರ ಎರಡೂ ಹೊಳೆ ಅಲ್ಲೇ ಸಮುದ್ರ ಸೇರುತ್ತವೆ. ಮಳೆಗಾಲದಲ್ಲಿ ದಡದ ನೀರಲ್ಲಿ ಉಪ್ಪು ಕಡಿಮೆ, ಜೊತೆಗೆ ಊರಿನ ಕೊಳಕು ಬೇರೆ. ಅಕ್ವೇರಿಯಂಗೆಂದೇ ಸಿಗುವ ಸಮುದ್ರದ ಉಪ್ಪನ್ನು ಆರ್‌ಒ ನೀರಿಗೆ ಬೆರೆಸಿ. ಅಡುಗೆ ಉಪ್ಪು ಆಗಲ್ಲ. ಹವಳಕ್ಕೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲ ಬೇಕು. ಮನೆಯ ಆರ್‌ಒ ನೀರಲ್ಲೂ ಸ್ವಲ್ಪ ಟಿಡಿಎಸ್, ಅಂದರೆ ಕರಗಿದ ಲವಣ, ಉಳಿದಿರುತ್ತದೆ, ಆ ಲವಣ ಹೀರುವ ಡಿಐ ಕಾರ್ಟ್ರಿಜ್ ಸೇರಿಸಿ ಅದನ್ನು ಸೊನ್ನೆಗೆ ತಂದರೆ ಪಾಚಿ ಕಾಟ ಕಡಿಮೆ.

2x1x1 ಅಡಿ ಟ್ಯಾಂಕ್ ಅಂದರೆ ಸುಮಾರು 56 ಲೀಟರ್. ಕಲ್ಲು, ಮರಳು ಕಳೆದರೆ 45 ಲೀಟರ್ ಹಿಡಿಯಬಹುದು. ಲೀಟರಿಗೆ 35ರಿಂದ 38 ಗ್ರಾಂ ಉಪ್ಪು, ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರ್‌ನಲ್ಲಿ 1.025 ತೋರಿಸಬೇಕು. ನಾನು ಬಕೆಟ್‌ನಲ್ಲಿ ಉಪ್ಪು ಕಲಕುತ್ತಿದ್ದಾಗ ನಮ್ಮಮ್ಮ ಬಂದು, "ಯಾವ ಉಪ್ಪಿನಕಾಯಿಗೋ ಇದು?" ಅಂದರು.

ಇನ್ನು ನಾನು ಎಡವಿದ ಜಾಗ. ನೀರು ತಿಳಿಯಾಗಿ ಕಂಡಿತು. "ಒಂದು ವಾರ ಆಯ್ತಲ್ಲ, ಹಾಕಿ ಸಾರ್" ಅಂತ ಅಂಗಡಿಯವರೂ ಅಂದರು. ಎಂಟನೇ ದಿನ ಎರಡು ಕ್ಲೌನ್ ಬಿಟ್ಟೆ, ನಾಲ್ಕು ದಿನಕ್ಕೆ ಎರಡೂ ಹೋದವು. ಆಮೇಲೆ ಟೆಸ್ಟ್ ಕಿಟ್ ತಂದು ನೋಡಿದರೆ, ಹಳದಿ ಇರಬೇಕಾದ ನಳಿಕೆ ಹಸಿರಾಗಿ ನಿಂತಿತ್ತು. ಅದು ಅಮೋನಿಯಾ, ಮೀನಿನ ಹಿಕ್ಕೆ, ಕೊಳೆತ ಆಹಾರದಿಂದ ಹುಟ್ಟುವ ವಿಷ. ಸಮುದ್ರದ ನೀರಿನ ಪಿಎಚ್ 8ಕ್ಕಿಂತ ಮೇಲೆ, ಅಲ್ಲಿ ಅಮೋನಿಯಾ ಸಿಹಿನೀರಿಗಿಂತ ಜಾಸ್ತಿ ವಿಷ. ಅದನ್ನು ನೈಟ್ರೈಟ್, ಆಮೇಲೆ ಅಷ್ಟು ವಿಷವಲ್ಲದ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಕಲ್ಲಿನ ಮೇಲೆ ಬೆಳೆಯಲು ನಾಲ್ಕರಿಂದ ಆರು ವಾರ ಬೇಕು. ಅವಕ್ಕೂ ಊಟ ಬೇಕಲ್ವಾ? ಹಲವರು ಸಿಗಡಿ ತುಂಡು ಹಾಕುತ್ತಾರೆ. ನಮ್ಮ ಮನೆಯೊಳಗೆ ಸಿಗಡಿ ತರುವ ಹಾಗಿಲ್ಲ, ಹಾಗಾಗಿ ಎರಡನೇ ಸಲ ಖಾಲಿ ಟ್ಯಾಂಕಿಗೆ ದಿನಾ ಚಿಟಿಕೆ ಮೀನಿನ ಆಹಾರ ಉದುರಿಸಿದೆ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬರುವವರೆಗೆ ಮೀನಿನ ಅಂಗಡಿ ಕಡೆ ತಲೆ ಹಾಕಲಿಲ್ಲ. ನಡುವೆ ಮರಳೆಲ್ಲ ಕಂದು ಬಣ್ಣಕ್ಕೆ ತಿರುಗುತ್ತದೆ, ಹೆದರಬೇಡಿ, ಹೊಸ ಟ್ಯಾಂಕಲ್ಲಿ ಅದು ಮಾಮೂಲಿ.

ನಮ್ಮೂರಿನ ಬೇಸಿಗೆಯದ್ದು ಇನ್ನೊಂದು ಕಥೆ. ನೀರು 25 ಡಿಗ್ರಿ ಆಸುಪಾಸಿನಲ್ಲಿರಬೇಕು, ಏಪ್ರಿಲ್‌ನಲ್ಲಿ 30 ದಾಟಿತು. ಮೇಲೆ ಪುಟ್ಟ ಫ್ಯಾನ್ ಕಟ್ಟಿದೆ, ಇಳಿಯಿತು. ಆದರೆ ದಿನಕ್ಕೊಂದು ಚೊಂಬು ನೀರು ಆವಿಯಾಗತೊಡಗಿತು. ನಾನು ಪೆದ್ದನ ಹಾಗೆ ಉಪ್ಪುನೀರನ್ನೇ ತುಂಬಿದೆ. ವಾರದಲ್ಲಿ ರಿಫ್ರಾಕ್ಟೋಮೀಟರ್ 1.030 ಅಂದಿತು! ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಗಾಜಿಗೆ ಟೇಪ್ ಅಂಟಿಸಿ ಗುರುತು ಮಾಡಿ, ಇಳಿದಷ್ಟು ಬರೀ ಆರ್‌ಒ ನೀರು ಹಾಕಿ. ಕರೆಂಟ್ ಹೋದಾಗ ಬೇಕಾಗುತ್ತದೆ, ಬ್ಯಾಟರಿ ಏರ್ ಪಂಪ್ ಒಂದಿರಲಿ.

ಹವಳದ ವಿಷಯದಲ್ಲಿ ಹುಷಾರು. ಗಟ್ಟಿ ಹವಳಗಳು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಶೆಡ್ಯೂಲ್‌ನಲ್ಲಿವೆ, ಅಂದರೆ ಹುಲಿ ಇರುವ ಪಟ್ಟಿಯಲ್ಲೇ. ಸಮುದ್ರಕುದುರೆಗೂ ಅದೇ ಕಾಯ್ದೆಯ ರಕ್ಷಣೆ ಇದೆ. ಯಾರಾದರೂ "ಕಡಿಮೆಗೆ ಕೊಡ್ತೀನಿ" ಅಂದರೂ ಮುಟ್ಟಬೇಡಿ. ಸಮುದ್ರದಿಂದ ಕಿತ್ತ ಲೈವ್ ರಾಕ್ (ಜೀವಿಗಳು ಅಂಟಿಕೊಂಡಿರುವ ಕಲ್ಲು) ಕೂಡ ಬೇಡ, ತೂತು ತೂತಾದ ಸೆರಾಮಿಕ್ ಕಲ್ಲು ಸಾಕು. ನನ್ನಲ್ಲಿ ಇರುವುದು ಝೋವಾ, ಮಶ್ರೂಮ್ ಥರದ ಮೆತ್ತನೆಯ ಹವಳಗಳು ಮಾತ್ರ.

ಮೀನು ಎರಡೇ ಸಾಕು. ಹ್ಯಾಚರಿಯಲ್ಲಿ ಹುಟ್ಟಿದ ಕ್ಲೌನ್ ಇದೆಯಾ ಅಂತ ಕೇಳಿ ತನ್ನಿ, ಬೇಗ ಒಗ್ಗುತ್ತವೆ. ಜೋಡಿ ಹುಡುಕುವ ತಲೆನೋವು ಬೇಡ. ಒಂದು ಸ್ವಲ್ಪ ದೊಡ್ಡದು, ಒಂದು ಚಿಕ್ಕದು ತಂದರೆ ಆಯಿತು. ಮರಿಯಲ್ಲಿ ಎಲ್ಲವೂ ಗಂಡಾಗುವಂಥವೇ, ಜೋರಿರುವುದು ಆಮೇಲೆ ಹೆಣ್ಣಾಗುತ್ತದೆ. ನಮ್ಮನೆಯ ಯಜಮಾನಿ ಈಗ ಗಾಜು ಒರೆಸಲು ಕೈ ಹಾಕಿದರೆ ಕಚ್ಚಲು ಬರುತ್ತಾಳೆ.