ಜೀವಕೋಶದ ಮೈಗೆ ರಾಸಾಯನಿಕ ಜೋಡಿಸಿದರೆ ಅದು ಸಾಯುವುದಿಲ್ಲವೇ?

ನೀವು ಕಾಸರಗೋಡು ಜಿಲ್ಲೆಯ ಪೆರ್ಲದಲ್ಲಿ ಬಿ.ಎಸ್ಸಿ. ಓದುತ್ತಿದ್ದೇನೆ ಎಂದಿದ್ದೀರಿ. ನನ್ನ ಮನೆ ಬದಿಯಡ್ಕ, ಕೆಲಸ ಜೀವಕೋಶ ಬೆಳೆಸುವ ಲ್ಯಾಬಿನಲ್ಲಿ. ಅಂಗಾಂಶ ಕಟ್ಟಲು ಕೋಶದ ಮೇಲ್ಮೈಗೆ ರಾಸಾಯನಿಕ ಜೋಡಿಸಿದರೆ ಅದು ಸಾಯುವುದಿಲ್ಲವೇ, ಜೀನ್ ಬದಲಿಸುವುದಕ್ಕಿಂತ ಇದು ವಾಸಿಯೇ, ಇದನ್ನೆಲ್ಲ ಎಲ್ಲಿ ಓದಬಹುದು ಎಂದು ಕೇಳಿದ್ದೀರಿ.

ತಪ್ಪು ರಾಸಾಯನಿಕ ಹಾಕಿದರೆ ಖಂಡಿತ ಸಾಯುತ್ತದೆ. ಅಡಿಕೆಯ ಕೊಳೆರೋಗಕ್ಕೆ ಮದ್ದು ಬಿಡುವಾಗ ಮೈಲುತುತ್ತು ಹಾಕುತ್ತೇವೆ, ಅಲ್ವಾ? ಅದರಲ್ಲಿ ರೋಗಾಣುವನ್ನು ಕೊಲ್ಲುವುದು ತಾಮ್ರ. ಎರಡು ಅಣುಗಳನ್ನು ಗುಂಡಿ ಹಾಕಿದಷ್ಟು ಸುಲಭವಾಗಿ ಜೋಡಿಸುವ ಕ್ಲಿಕ್ ಕೆಮಿಸ್ಟ್ರಿಯ ಹೆಸರಾಂತ ಕ್ರಿಯೆಗೂ ತಾಮ್ರವೇ ಬೇಕು. ಅಜೈಡ್, ಆಲ್ಕೈನ್ ಎಂಬ ಎರಡು ಗುಂಪುಗಳನ್ನು ಅದು ಬೇಗ ಕೂಡಿಸುತ್ತದೆ, ಆದರೆ ಜೀವಂತ ಕೋಶಕ್ಕೆ ವಿಷ. ಅಮೆರಿಕದ ರಸಾಯನವಿಜ್ಞಾನಿ ಕ್ಯಾರೊಲಿನ್ ಬರ್ಟೊಝಿ ಅವರ ತಂಡ 2004ರಲ್ಲಿ ತಾಮ್ರವನ್ನೇ ಬಿಟ್ಟಿತು. ಆಲ್ಕೈನನ್ನು ಎಂಟು ಕಾರ್ಬನ್‌ಗಳ ಉಂಗುರದಲ್ಲಿ ಬಗ್ಗಿಸಿ ಕೂರಿಸಿದರೆ ಅದು ಬಿಗಿತದಲ್ಲಿರುತ್ತದೆ. ಅಜೈಡ್ ಸಿಕ್ಕಿದರೆ ತಾನಾಗಿ ಕೂಡಿಕೊಳ್ಳುತ್ತದೆ. 2022ರ ರಸಾಯನಶಾಸ್ತ್ರ ನೊಬೆಲ್‌ನಲ್ಲಿ ಅವರಿಗೆ ಪಾಲು ಸಿಕ್ಕಿದ್ದು ಇಂಥ ಕೆಲಸಕ್ಕೇ.

ಅಜೈಡ್ ಕೋಶದ ಮೇಲೆ ಬರುವುದು ಹೇಗೆ? ನನಗೆ ಜಾಸ್ತಿ ಇಷ್ಟವಾದ ಉಪಾಯ ಇದು. ಅಸಿಟೈಲ್ ಮ್ಯಾನೋಸಮೈನ್ ಎಂಬ ಸಕ್ಕರೆಗೆ ಅಜೈಡ್ ಸೇರಿಸಿ, ಕೋಶ ಬೆಳೆಯುವ ದ್ರಾವಣಕ್ಕೆ ಹಾಕುತ್ತಾರೆ. ಕೋಶಕ್ಕೆ ವ್ಯತ್ಯಾಸ ತಿಳಿಯುವುದಿಲ್ಲ. ಅದರಿಂದ ಸಯಾಲಿಕ್ ಆಮ್ಲ ಎಂಬ ಇನ್ನೊಂದು ಸಕ್ಕರೆ ಮಾಡಿ, ಪ್ರೋಟೀನಿಗಂಟಿದ ಸಕ್ಕರೆ ಸರಪಳಿಯ ತುದಿಗೆ ಸಿಕ್ಕಿಸಿ, ತಾನೇ ಪೊರೆಯ ಹೊರಗೆ ತಂದಿಡುತ್ತದೆ. ನಮಗೆ ಬೇಕಾದ ರಾಸಾಯನಿಕಕ್ಕೆ ಆ ಬಾಗಿದ ಆಲ್ಕೈನ್ ಕಟ್ಟಿ ಬಿಟ್ಟರೆ ಈ ಅಜೈಡಿಗೆ ಬಂದು ಕೂಡಿಕೊಳ್ಳುತ್ತದೆ. ಡೋಸ್ ಮಾತ್ರ ಮಿತಿಯಲ್ಲಿರಬೇಕು.

2009ರಲ್ಲಿ ಗಾರ್ಟ್ನರ್ ಎಂಬ ವಿಜ್ಞಾನಿ ಮತ್ತು ಬರ್ಟೊಝಿ ಕೋಶಗಳ ಮೇಲೆ ಪುಟ್ಟ ಡಿಎನ್‌ಎ ಎಳೆಗಳನ್ನು ಜೋಡಿಸಿದರು. ಒಂದು ಬಗೆಯ ಕೋಶಕ್ಕೆ ಒಂದು ಎಳೆ, ಇನ್ನೊಂದಕ್ಕೆ ಅದರ ಪೂರಕ ಎಳೆ. ಬೆರೆಸಿದಾಗ ಜೋಡಿ ಹುಡುಕಿ ಅಂಟಿಕೊಂಡು ಪುಟ್ಟ ಅಂಗಾಂಶಗಳಾದವು. ಇಲ್ಲಿ ಡಿಎನ್‌ಎ ಸುಮ್ನೆ ಅಂಟು, ಜೀನಿನ ಕೆಲಸ ಮಾಡುವುದಿಲ್ಲ. ಅದಕ್ಕೂ ಮೊದಲು, 2008ರಲ್ಲಿ, ಬೇರೊಂದು ತಂಡದವರು ಮನುಷ್ಯರ ಕಾಂಡಕೋಶಗಳ (ಸ್ಟೆಮ್ ಸೆಲ್) ಮೇಲಿರುವ ಸಿಡಿ44 ಎಂಬ ಪ್ರೋಟೀನಿನ ಸಕ್ಕರೆ ಸರಪಳಿಗೆ ಕಿಣ್ವದಿಂದ ಫ್ಯೂಕೋಸ್ ಎಂಬ ಸಕ್ಕರೆ ಸೇರಿಸಿದ್ದರು. ಇಲಿಯ ರಕ್ತಕ್ಕೆ ಬಿಟ್ಟಾಗ ಅವು ಮೂಳೆಯೊಳಗೆ ಹೋಗಿ ಸೇರಿದವು.

ಈ ಬದಲಾವಣೆ ಹೆಚ್ಚು ಕಾಲ ನಿಲ್ಲುವುದಿಲ್ಲ. ಕೋಶ ಹಳೆಯ ಪ್ರೋಟೀನನ್ನು ಒಳಗೆಳೆದು ಹೊಸದನ್ನು ಇಡುತ್ತಲೇ ಇರುತ್ತದೆ. ಒಂದು ಕೋಶ ಒಡೆದು ಎರಡಾದಾಗ ಉಳಿದದ್ದೂ ಹಂಚಿಹೋಗುತ್ತದೆ. ಇದನ್ನು ಕೊರತೆ ಅನ್ನುವವರಿದ್ದಾರೆ. ನನಗೆ ಹಾಗನಿಸುವುದಿಲ್ಲ. ಕೋಶ ಸರಿಯಾದ ಜಾಗಕ್ಕೆ ಹೋಗಿ ಪಕ್ಕದ್ದನ್ನು ಹಿಡಿದುಕೊಂಡರೆ ಸಾಕು. ಆಮೇಲೆ ಅದರದೇ ಹಿಡಿತದ ಪ್ರೋಟೀನುಗಳಾದ ಕ್ಯಾಡ್‌ಹೆರಿನ್, ಇಂಟೆಗ್ರಿನ್‌ಗಳು ನೋಡಿಕೊಳ್ಳುತ್ತವೆ. ಜೀನೋಮ್ ಹಾಗೇ ಉಳಿಯುತ್ತದೆ. ವರ್ಷಗಟ್ಟಲೆ ಇರಬೇಕಾದ ಗುಣ ಬೇಕೆಂದರೆ ಮಾತ್ರ ಜೀನ್ ಬದಲಿಸದೆ ಗತಿಯಿಲ್ಲ.

ಓದಲು ನಮ್ಮ ಜಿಲ್ಲೆಯ ಪೆರಿಯದಲ್ಲಿರುವ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯವೇ ಹತ್ತಿರ, ಬಯೋಕೆಮಿಸ್ಟ್ರಿ ಎಂ.ಎಸ್ಸಿ. ಅಲ್ಲಿದೆ. ಅಂಗಾಂಶದ ಕೆಲಸವೇ ಬೇಕಿದ್ದರೆ ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆ ನೋಡಿ. ದೂರ ಹೌದು, ಆದರೆ ಸಂಜೆ ಕಾಸರಗೋಡಿನಲ್ಲಿ ಮಾವೇಲಿ ಎಕ್ಸ್‌ಪ್ರೆಸ್ ರೈಲು ಹತ್ತಿದರೆ ಬೆಳಿಗ್ಗೆ ಅಲ್ಲಿರುತ್ತೀರಿ.