ರಶ್ ಇಲ್ಲದ ದಿನ ಯಾವುದು?

ಪ್ರವಾಸದ ಬಗ್ಗೆ ಓದುಗರ ಪ್ರಶ್ನೆಗಳಿಗೆ ಮಡಿಕೇರಿಯ ನಿವೃತ್ತ ಶಿಕ್ಷಕಿಯೊಬ್ಬರ ಉತ್ತರ

ಪ್ರಶ್ನೆ: ನಾವು ಸೋಮವಾರಪೇಟೆ ಹತ್ತಿರದ ಕಾಫಿ ಬೆಳೆಗಾರರು. ಬೇಸಿಗೆ ರಜೆಯಲ್ಲಿ ಜನ ಜಾಸ್ತಿ ಅಂತ ಕಾದು, ಕಳೆದ ಡಿಸೆಂಬರ್ ಮೊದಲ ವಾರ ಒಂದು ಶುಕ್ರವಾರ, ಮಕ್ಕಳಿಗೆ ಶಾಲೆ ತಪ್ಪಿಸಿ ಒಂದು ದೊಡ್ಡ ಅಮ್ಯೂಸ್‌ಮೆಂಟ್ ಪಾರ್ಕ್‌ಗೆ ಕರೆದುಕೊಂಡು ಹೋದೆವು. ಆಫ್ ಸೀಸನ್, ಆರಾಮಾಗಿ ಆಡಬಹುದು ಅಂತ ಎಲ್ಲರೂ ಹೇಳಿದ್ದರು. ಹೋಗಿ ನೋಡಿದರೆ ಕಾಲಿಡಲು ಜಾಗವಿಲ್ಲ. ಇಡೀ ದಿನಕ್ಕೆ ಸಿಕ್ಕಿದ್ದು ನಾಲ್ಕೇ ಆಟ. ಚಿಕ್ಕವಳು ಕ್ಯೂನಲ್ಲೇ ನನ್ನ ಹೆಗಲ ಮೇಲೆ ನಿದ್ದೆ ಹೋದಳು. ಹಾಗಾದರೆ ಯಾವಾಗ ಹೋಗಬೇಕು?
— ಓದುಗರು, ಸೋಮವಾರಪೇಟೆ

ಉತ್ತರ: ಮಕ್ಕಳಿಗೆ ಆಸೆ ಹುಟ್ಟಿಸಿ ಕರೆದುಕೊಂಡು ಹೋಗಿರುತ್ತೀರಿ, ಅಷ್ಟು ದೂರ ಗಾಡಿ ಓಡಿಸಿರುತ್ತೀರಿ. ಓದಿ ಬೇಜಾರಾಯಿತು. ಆದರೆ ಆ ರಶ್ ಯಾಕೆ ಅಂತ ನನಗೆ ಚೆನ್ನಾಗಿ ಗೊತ್ತು. ಕೆಲಸದಲ್ಲಿದ್ದಾಗ ಅಂಥ ರಶ್ ಮಾಡಿದವರಲ್ಲಿ ನಾವೂ ಇದ್ದೆವು. ನಾನು ಹೇಳುತ್ತಿರುವುದು ಶಾಲಾ ಪ್ರವಾಸದ ಬಗ್ಗೆ.

ದಸರಾ ರಜೆ ಮುಗಿದು ಶಾಲೆ ಶುರುವಾದ ಮೇಲೆ, ಪರೀಕ್ಷೆಯ ಓದು ಜೋರಾಗುವ ಮೊದಲು, ಕರ್ನಾಟಕದ ಶಾಲೆಗಳೆಲ್ಲ ಪ್ರವಾಸ ಹೊರಡುತ್ತವೆ. ನವೆಂಬರ್, ಡಿಸೆಂಬರ್ ಅಂದರೆ ಅದೇ ಕಾಲ. ಹಾಸನ, ಮಂಡ್ಯ, ತುಮಕೂರು, ನಮ್ಮ ಕೊಡಗು, ಎಲ್ಲ ಕಡೆಯಿಂದ ಬಸ್ ಬರುತ್ತವೆ. ಮನೆಯವರು ಕೂಡಿ ಹೋಗುವವರಿಗೆ ಡಿಸೆಂಬರ್ ಮೊದಲ ವಾರ ಖಾಲಿ ವಾರ ಇರಬಹುದು. ಮಕ್ಕಳಿಗೆ ಅದು ವರ್ಷವಿಡೀ ಕಾದ ವಾರ. ಅದರ ಜೊತೆಗೆ ನೀವು ಹೋದದ್ದು ಶುಕ್ರವಾರ. ಬೆಂಗಳೂರಿನ ಕಂಪನಿಗಳು ಟೀಮ್ ಔಟಿಂಗ್ ಅಂತ ಹೊರಡುವುದು ಹೆಚ್ಚಾಗಿ ವಾರದ ಕೊನೆಗೇ.

ಇನ್ನೊಂದು ವಿಷಯ ಇದೆ, ಇದನ್ನು ಯಾರೂ ಹೇಳುವುದಿಲ್ಲ. ಜನ ಕಮ್ಮಿ ಬರುವ ದಿನಗಳಲ್ಲಿ ದೊಡ್ಡ ಪಾರ್ಕ್‌ಗಳು ಕೆಲವು ಆಟಗಳನ್ನು ರಿಪೇರಿಗೆ ನಿಲ್ಲಿಸುತ್ತವೆ. ಸಿಬ್ಬಂದಿ ಕಮ್ಮಿ ಮಾಡುತ್ತವೆ. ಕೆಲವು ಕಡೆ ಬಾಗಿಲನ್ನೂ ಬೇಗ ಮುಚ್ಚುತ್ತವೆ. ಲೆಕ್ಕ ಹಾಕಿ ನೋಡಿ. ಒಂದು ರೋಲರ್ ಕೋಸ್ಟರ್‌ನ ಬೋಗಿಗಳಲ್ಲಿ 24 ಜನ ಕೂರುತ್ತಾರೆ ಅಂದುಕೊಳ್ಳಿ. ಎರಡು ಟ್ರೇನ್ ಓಡಿಸಿ 2 ನಿಮಿಷಕ್ಕೊಂದು ಬಿಟ್ಟರೆ ಗಂಟೆಗೆ 720 ಜನ ಹತ್ತಿ ಇಳಿಯುತ್ತಾರೆ. ಒಂದನ್ನು ನಿಲ್ಲಿಸಿ 4 ನಿಮಿಷಕ್ಕೊಂದು ಬಿಟ್ಟರೆ ಬರೀ 360. ನಿಮ್ಮ ಮುಂದೆ 360 ಜನ ಇದ್ದರೆ ಅರ್ಧ ಗಂಟೆಯ ಕ್ಯೂ ಒಂದು ಗಂಟೆಯದ್ದಾಗುತ್ತದೆ. ನಿಮ್ಮ ಕಣದಲ್ಲೇ ನೋಡಿ, ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಯಂತ್ರ, ಅಂದರೆ ಪಲ್ಪರ್, ಎರಡು ಇರುವ ಕಡೆ ಒಂದನ್ನು ನಿಲ್ಲಿಸಿದರೆ ಆ ದಿನ ಹಣ್ಣು ಕಮ್ಮಿ ಬಂದಿದ್ದರೂ ರಾಶಿ ಬೀಳುತ್ತದೆ ಅಲ್ವಾ? ಅದಕ್ಕೇ ಹೊರಡುವ ಮುಂಚೆ ಪಾರ್ಕ್‌ಗೆ ಫೋನ್ ಮಾಡಿ ಎರಡು ಪ್ರಶ್ನೆ ಕೇಳಿ: ಆ ದಿನ ಯಾವ ಆಟ ಬಂದ್ ಇದೆ? ಶಾಲೆಗಳ ಗ್ರೂಪ್ ಬುಕಿಂಗ್ ಎಷ್ಟಿದೆ? ಎರಡನೆಯದಕ್ಕೆ ಸರಿಯಾದ ಸಂಖ್ಯೆ ಹೇಳದಿದ್ದರೂ, ಜಾಸ್ತಿ ಇದೆಯೋ ಕಮ್ಮಿಯೋ ಅಂತ ಹೇಳುತ್ತಾರೆ.

ಈಗ ಯಾವಾಗ ಹೋಗಬೇಕು ಅನ್ನುವುದು. ಜೂನ್ ಮಧ್ಯದಿಂದ ಜುಲೈ ಮಧ್ಯದವರೆಗೆ ಮಂಗಳವಾರ, ಬುಧವಾರ. ನನ್ನ ಮೊದಲ ಆಯ್ಕೆ ಇದೇ. ಶಾಲೆ ಆಗಷ್ಟೇ ಶುರುವಾಗಿರುತ್ತದೆ, ಪುಸ್ತಕ, ಫೀಸು ಅಂತ ಎಲ್ಲರ ಕೈಯಲ್ಲೂ ದುಡ್ಡು ಕಮ್ಮಿ. ಆದರೆ ಒಂದು ಮಾತನ್ನು ಗಟ್ಟಿಯಾಗಿ ಹೇಳುತ್ತೇನೆ. ನಮ್ಮ ಜಿಲ್ಲೆಯಲ್ಲಿ ಮಳೆಗೆ ಶಾಲೆ ರಜೆ ಕೊಟ್ಟ ದಿನ, ಹೇಗೂ ರಜೆ ಇದೆಯಲ್ಲ, ಬೆಂಗಳೂರಲ್ಲಿ ಬಿಸಿಲಿದೆ ಅಂತ ಗಾಡಿ ತೆಗೆಯಬೇಡಿ. ಜಿಲ್ಲಾಧಿಕಾರಿಗಳು ರಜೆ ಕೊಡುವುದು ಮಕ್ಕಳು ರಸ್ತೆಯ ಮೇಲೆ ಇರಬಾರದು ಅಂತಲೇ. 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದು ಮಕ್ಕಂದೂರು, ಜೋಡುಪಾಲದ ಕಡೆ ಏನಾಯಿತು ಅನ್ನುವುದನ್ನು ನಾವು ಯಾರೂ ಮರೆತಿಲ್ಲ.

ಕೊಡಗಿನವರಿಗೆ ಒಂದು ಅನುಕೂಲವೂ ಇದೆ. ಕೈಲ್ ಮುಹೂರ್ತ (ಕೈಲ್ ಪೊಳ್ದ್), ತುಲಾ ಸಂಕ್ರಮಣ, ಸುಗ್ಗಿ ಹಬ್ಬವಾದ ಹುತ್ತರಿ, ಈ ಮೂರಕ್ಕೆ ಸರ್ಕಾರ ನಮ್ಮ ಜಿಲ್ಲೆಗೆ ಮಾತ್ರ ಸ್ಥಳೀಯ ರಜೆ ಕೊಡುತ್ತದೆ. ಆ ದಿನ ಬೆಂಗಳೂರು, ಮೈಸೂರಿನ ಮಕ್ಕಳು ಕ್ಲಾಸಲ್ಲಿರುತ್ತಾರೆ. ಆದರೆ ಮೂರೂ ಕೆಲಸಕ್ಕೆ ಬರುವುದಿಲ್ಲ. ಅಕ್ಟೋಬರ್ ನಡುವಿನ ತುಲಾ ಸಂಕ್ರಮಣ ಹಲವು ವರ್ಷ ದಸರಾ ರಜೆಯ ಮಗ್ಗುಲಲ್ಲೇ ಬೀಳುತ್ತದೆ. ಹುತ್ತರಿ ಬರುವುದು ಶಾಲಾ ಪ್ರವಾಸದ ಭರಾಟೆಯ ನಡುವೆ. ಉಳಿಯುವುದು ಸೆಪ್ಟೆಂಬರ್ 3ರ ಕೈಲ್ ಪೊಳ್ದ್. ಹಬ್ಬ ಮಾಡುವ ಮನೆಯವರಿಗೆ ಆ ದಿನ ಹೊರಡಿ ಅಂತ ನಾನು ಹೇಳುವುದಿಲ್ಲ. ತೋಕ್ (ಕೋವಿ) ಪೂಜೆ, ಅಕ್ಕಿಯ ಕಡಂಬುಟ್ಟು, ಹಂದಿಮಾಂಸದ ಪಂದಿ ಕರಿ ಬಿಟ್ಟು ಯಾವ ಪಾರ್ಕ್? ಹಬ್ಬ ಮಾಡದ ಮನೆಯವರಿಗೆ ಮಾತ್ರ ಇದು ಒಳ್ಳೇ ದಿನ. ಅದಕ್ಕೂ ಮೊದಲು ಕ್ಯಾಲೆಂಡರ್‌ನಲ್ಲಿ ಗೌರಿ-ಗಣೇಶ ಹಬ್ಬ ಮತ್ತು ಓಣಂ ಯಾವಾಗ ಅಂತ ನೋಡಿಕೊಳ್ಳಿ. ಓಣಂಗೆ ಕೇರಳದ ಶಾಲೆಗಳಿಗೆ ಉದ್ದದ ರಜೆ. ಕುಟ್ಟ, ಮಾಕುಟ್ಟದ ಚೆಕ್‌ಪೋಸ್ಟ್‌ನಲ್ಲಿ ಆ ವಾರ ಕೇರಳ ನಂಬರ್‌ನ ಗಾಡಿಗಳ ಸಾಲು ನೋಡಿದವರಿಗೆ ಗೊತ್ತು. ಅವರು ಕೊಡಗಿನಲ್ಲೇ ನಿಲ್ಲುವುದಿಲ್ಲ, ಮೈಸೂರು, ಬೆಂಗಳೂರಿಗೂ ಹೋಗುತ್ತಾರೆ. ನಮ್ಮ ರಜೆ ಮಾತ್ರ ನೋಡಿದರೆ ಸಾಲದು, ಪಕ್ಕದವರ ರಜೆಯನ್ನೂ ನೋಡಬೇಕು. ಎರಡನೇ ಶನಿವಾರ, ನಾಲ್ಕನೇ ಶನಿವಾರ ಸರ್ಕಾರಿ ನೌಕರರಿಗೆ ರಜೆ, ಅವೂ ಬೇಡ.

ಹೋದ ಮೇಲೆ ಏನು ಮಾಡಬೇಕು? ಬಿಡದಿಯ ವಂಡರ್‌ಲಾಗೆ ಹೋಗುವುದಾದರೆ ಮನೆಯಿಂದ ಬೆಳಗಿನ ಜಾವ ಹೊರಡುವ ಪ್ಲಾನ್ ಬಿಡಿ. ಇಲ್ಲಿಂದ ಮೈಸೂರು ದಾಟಿ ಬಿಡದಿ ತಲುಪುವಾಗ, 2023ರಲ್ಲಿ ಆದ ಹೊಸ ಎಕ್ಸ್‌ಪ್ರೆಸ್‌ವೇ ಇದ್ದರೂ, ಬಿಸಿಲು ಏರಿರುತ್ತದೆ. ಶಾಲೆಯ ಬಸ್‌ಗಳೂ ಅದೇ ಹೊತ್ತಿಗೆ ಬಂದು ನಿಲ್ಲುತ್ತವೆ. ಹಿಂದಿನ ರಾತ್ರಿ ಮೈಸೂರಲ್ಲೋ ರಾಮನಗರದಲ್ಲೋ ಉಳಿಯಿರಿ. ಬಿಡದಿ ತಟ್ಟೆ ಇಡ್ಲಿ ತಿಂದು, ಬಾಗಿಲು ತೆರೆಯುವ ಮೊದಲೇ ಗೇಟಲ್ಲಿರಿ. ಟಿಕೆಟ್ ಮೊದಲೇ ಆನ್‌ಲೈನಲ್ಲಿ ತೆಗೆದಿರಿ. ಒಳಗೆ ಹೋದವರು ಎದುರಿಗೆ ಕಂಡ ಆಟಕ್ಕೇ ಮುಗಿಬೀಳುತ್ತಾರೆ. ನೀವು ಅದನ್ನು ದಾಟಿ ನೇರ ಹಿಂದಕ್ಕೆ ನಡೆಯಿರಿ, ದೊಡ್ಡ ಆಟವನ್ನು ಮೊದಲು ಮುಗಿಸಿ. ಸಾಮಾನ್ಯವಾಗಿ ಬೆಳಿಗ್ಗೆ ಜನ ನೆಲದ ಆಟಕ್ಕೆ, ಊಟ ಆದ ಮೇಲೆ ನೀರಿಗೆ ಹೋಗುತ್ತಾರೆ. ಎಲ್ಲರೂ ಊಟಕ್ಕೆ ಕೂತಾಗ ನೀವು ಆಡಿ. ಅವರು ನೀರಿಗೆ ಇಳಿದ ಮೇಲೆ ನೀವು ಊಟ ಮಾಡಿ. ನೀರಿನ ಆಟಕ್ಕೆ ಹತ್ತಿ ಬಟ್ಟೆ ಬಿಡುವುದಿಲ್ಲ, ನೈಲಾನ್ ಬಟ್ಟೆ ಮನೆಯಿಂದಲೇ ತನ್ನಿ. ಅಲ್ಲಿ ಕೊಳ್ಳಲು ನಿಂತರೆ ಅದೂ ಒಂದು ಕ್ಯೂ.

ಮುಖ್ಯವಾದದ್ದು ಸಂಜೆ. ಶಾಲೆಯವರು ರಾತ್ರಿ ಹೊತ್ತಿಗೆ ಮಕ್ಕಳನ್ನು ಊರು ಸೇರಿಸಬೇಕು. ಹಾಗಾಗಿ ಸಂಜೆ ನಾಲ್ಕು ಗಂಟೆ ಸುಮಾರಿಗೆ ಮೇಷ್ಟ್ರ ವಿಷಲ್ ಊದುತ್ತದೆ. ಒಂದೇ ಬಣ್ಣದ ಟೋಪಿ ಹಾಕಿದ ಮಕ್ಕಳು ಒದ್ದೆ ತಲೆಯಲ್ಲೇ ಬಂದು ಸಾಲಾಗಿ ನಿಲ್ಲುತ್ತಾರೆ. ಟೀಚರ್ ಒಬ್ಬರು ತಲೆ ಮುಟ್ಟಿ ಮುಟ್ಟಿ ಎಣಿಸುತ್ತಾರೆ, ಇಬ್ಬರು ಕಮ್ಮಿ ಅಂತ ಇನ್ನೊಬ್ಬರು ಟಾಯ್ಲೆಟ್ ಕಡೆ ಓಡುತ್ತಾರೆ. ಆ ಎಣಿಕೆ ಮುಗಿದು ಬಸ್ ಹೊರಟ ಮೇಲೆ ನೋಡಿ, ಮಧ್ಯಾಹ್ನ ಹಾವಿನ ಹಾಗೆ ಸುತ್ತಿದ್ದ ಕ್ಯೂ ಕರಗಿಹೋಗುತ್ತದೆ. ಕೊನೆಯ ಒಂದೂವರೆ ಗಂಟೆಯಲ್ಲಿ ನಿಮ್ಮ ಮಕ್ಕಳು ಒಂದೇ ಆಟವನ್ನು ಮತ್ತೆ ಮತ್ತೆ ಹತ್ತಬಹುದು. ಆ ಹೊತ್ತಿಗೆ ಸುಸ್ತಾಗಿ ಗೇಟ್ ಕಡೆ ನಡೆಯಬೇಡಿ. ಬೇಕಾದರೆ ಮಧ್ಯಾಹ್ನ ನೆರಳಲ್ಲಿ ಚಿಕ್ಕವಳನ್ನು ಒಂದು ಗಂಟೆ ಮಲಗಿಸಿ.

ಕ್ಯೂ ತಪ್ಪಿಸುವ ಫಾಸ್ಟ್‌ಟ್ರ್ಯಾಕ್ ಟಿಕೆಟ್ ಬಗ್ಗೆ: ರಜಾ ದಿನವೇ ಹೋಗಬೇಕಾದ ಅನಿವಾರ್ಯ ಇದ್ದರೆ ಕೊಳ್ಳಿ. ವಾರದ ನಡುವೆ ಹೋಗುವವರಿಗೆ ಅದು ಬೇಡ.

ಪ್ರಶ್ನೆ: ಮಗಳು ಅಮೆರಿಕದಲ್ಲಿದ್ದಾಳೆ. ನಾನು, ನನ್ನ ಯಜಮಾನರು ಹೋದಾಗ ಅವಳ 4 ವರ್ಷದ ಮಗನ ಜೊತೆ ಫ್ಲಾರಿಡಾದ ಡಿಸ್ನಿ ವರ್ಲ್ಡ್ ನೋಡುವ ಆಸೆ. ನವೆಂಬರ್ ಮೊದಲ ವಾರ ಆಫ್ ಸೀಸನ್ ಅಂತ ಅವಳು ಹೇಳುತ್ತಾಳೆ. ಅರೇಬಿಕಾ ಕಾಫಿ ಕೊಯ್ಲು ಜೋರಾಗುವ ಮೊದಲು ನಾವು ವಾಪಸ್ ಬರಬೇಕು. ಯಜಮಾನರಿಗೆ ಮಂಡಿನೋವು. ಆ ವಾರ ಸರಿಯೇ?
— ಓದುಗರು, ವಿರಾಜಪೇಟೆ

ಉತ್ತರ: ಆ ವಾರ ಬೇಡ. ನನ್ನ ಹಳೇ ವಿದ್ಯಾರ್ಥಿನಿಯೊಬ್ಬಳು ನ್ಯೂ ಜರ್ಸಿಯಲ್ಲಿದ್ದಾಳೆ, ಇದು ಅವಳಿಂದ ತಿಳಿದದ್ದು. ನವೆಂಬರ್ ಮೊದಲ ಭಾಗದಲ್ಲಿ ಆ ರಾಜ್ಯದ ಶಿಕ್ಷಕರ ಸಮಾವೇಶ ನಡೆಯುತ್ತದೆ, ಗುರುವಾರ, ಶುಕ್ರವಾರ ಶಾಲೆಗಳಿಗೆ ರಜೆ. ಮನೆಯವರು ಇನ್ನೆರಡು ದಿನ ಸೇರಿಸಿ ಡಿಸ್ನಿಗೆ ಹೊರಡುತ್ತಾರೆ. ಎಷ್ಟು ಜನ ಅಂದರೆ ಆ ವಾರಕ್ಕೆ 'ಜರ್ಸಿ ವೀಕ್' ಅಂತಲೇ ಹೆಸರು ಬಿದ್ದಿದೆ. ಅದು ಮುಗಿಯುವಾಗ ನವೆಂಬರ್ 11ರ ವೆಟರನ್ಸ್ ಡೇ ರಜೆ. ನಾಲ್ಕನೇ ಗುರುವಾರ ಥ್ಯಾಂಕ್ಸ್‌ಗಿವಿಂಗ್, ಆ ವಾರ ಅಂತೂ ಕೇಳಲೇಬೇಡಿ.

ಮೊಮ್ಮಗ ಇನ್ನೂ ಶಾಲೆಯ ರಜೆಗೆ ಕಾಯುವ ವಯಸ್ಸಿನವನಲ್ಲ. ಹಾಗಾಗಿ ಸೆಪ್ಟೆಂಬರ್ ನೋಡಿ. ಅಲ್ಲಿ ಸೆಪ್ಟೆಂಬರ್ ಮೊದಲ ಸೋಮವಾರ ಲೇಬರ್ ಡೇ. ಅದು ಕಳೆದ ಮೇಲೆ ಮಕ್ಕಳೆಲ್ಲ ಶಾಲೆಯಲ್ಲಿರುತ್ತಾರೆ, ತಿಂಗಳ ಕೊನೆಯವರೆಗೆ ಬಿಡುವು ಇರುತ್ತದೆ. ನೀವು ಕೈಲ್ ಪೊಳ್ದ್ ಮುಗಿಸಿಯೇ ವಿಮಾನ ಹತ್ತಬಹುದು. ಕಷ್ಟ ಎರಡು. ಸೆಖೆ ಜಾಸ್ತಿ, ಮಧ್ಯಾಹ್ನದ ಮೇಲೆ ಗುಡುಗು ಮಳೆ. ಮಿಂಚಿದರೆ ಹೊರಗಿನ ಆಟಗಳನ್ನು ನಿಲ್ಲಿಸುತ್ತಾರೆ. ಮಳೆ ಬಂತು ಅಂತ ಅಲ್ಲಿಯ ಜನ ಹೋಟೆಲಿಗೆ ಹೊರಡುತ್ತಾರೆ, ಕೊಡಗಿನವರು ಕೊಡೆ ಬಿಚ್ಚಿ ನಿಂತರೆ ಸಾಕು. ಎರಡನೆಯದು ಚಂಡಮಾರುತ. ಅಲ್ಲಿ ಜೂನ್ 1ರಿಂದ ನವೆಂಬರ್ 30ರವರೆಗೆ ಅದರ ಕಾಲ, ಸೆಪ್ಟೆಂಬರ್‌ನಲ್ಲಿ ಜೋರು. ಹಾಗಾಗಿ ರದ್ದು ಮಾಡಿದರೆ ದುಡ್ಡು ವಾಪಸ್ ಸಿಗುವ ಹೋಟೆಲನ್ನೇ ಬುಕ್ ಮಾಡಲು ಮಗಳಿಗೆ ಹೇಳಿ.

ಡಿಸ್ನಿ ವರ್ಲ್ಡ್ ಅಂದರೆ ಒಂದೇ ಪಾರ್ಕ್ ಅಲ್ಲ. 1971ರಲ್ಲಿ ಶುರುವಾದದ್ದು ಮ್ಯಾಜಿಕ್ ಕಿಂಗ್‌ಡಮ್. ಆಮೇಲೆ ಎಪ್ಕಾಟ್, ಹಾಲಿವುಡ್ ಸ್ಟುಡಿಯೋಸ್, ಆನಿಮಲ್ ಕಿಂಗ್‌ಡಮ್ ಸೇರಿ ಈಗ ನಾಲ್ಕಿವೆ. ನಾಲ್ಕನ್ನೂ ನೋಡುವ ಹಟ ಬೇಡ. 4 ವರ್ಷದ ಮಗುವಿಗೆ ಮ್ಯಾಜಿಕ್ ಕಿಂಗ್‌ಡಮ್, ಆನಿಮಲ್ ಕಿಂಗ್‌ಡಮ್ ಧಾರಾಳ ಆಯಿತು. ಟಿಕೆಟ್ ದರ ದಿನಕ್ಕೊಂದು ಥರ ಇರುತ್ತದೆ. ಯಾವ ದಿನ ಅಗ್ಗವೋ ಆ ದಿನ ಜನ ಕಮ್ಮಿ ಅಂತ ಕಂಪನಿಯೇ ಅಂದಾಜು ಮಾಡಿದೆ ಅಂತ ಅರ್ಥ. ತಿಂಗಳ ದರಪಟ್ಟಿ ತೆಗೆದು ನೋಡಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಇನ್ನೊಂದು ಉಪಾಯ. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಕೆಲವು ರಾತ್ರಿ ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ ಬೇರೆ ಟಿಕೆಟ್‌ನ ಹ್ಯಾಲೋವೀನ್ ಪಾರ್ಟಿ ಇರುತ್ತದೆ. ಆ ದಿನ ಮಾಮೂಲಿ ಟಿಕೆಟ್‌ನವರು ಸಂಜೆ 6ಕ್ಕೆ ಹೊರಗೆ ಬರಬೇಕು. ದುಡ್ಡಿಗೆ ನಷ್ಟ ಅಂತ ಬಹಳ ಜನ ಆ ದಿನ ತಪ್ಪಿಸುತ್ತಾರೆ, ಅದರಿಂದ ಹಗಲು ಹಗುರವಾಗಿರುತ್ತದೆ. ರಾತ್ರಿಯ ಪಟಾಕಿ ಪ್ರದರ್ಶನ ಸಿಗುವುದಿಲ್ಲ, ಅಷ್ಟೇ. ಮಂಡಿನೋವಿನವರಿಗೆ, ಸಂಜೆಯಾದರೆ ನಿದ್ದೆಗೆ ಅಳುವ ಮಗುವಿಗೆ ಸಂಜೆ 6ರವರೆಗೆ ಇದ್ದರೆ ಸಾಕು. ಡಿಸ್ನಿಯದೇ ಹೋಟೆಲಲ್ಲಿ ತಂಗಿದವರನ್ನು ಬೇರೆಯವರಿಗಿಂತ ಅರ್ಧ ಗಂಟೆ ಮೊದಲು ಒಳಗೆ ಬಿಡುತ್ತಾರೆ. ಆ ಅರ್ಧ ಗಂಟೆಗೆ ಬೆಲೆ ಇದೆ. ಮಗುವಿನ ಎತ್ತರ ಸಾಲದ ಆಟಕ್ಕೆ 'ರೈಡರ್ ಸ್ವಿಚ್' ಕೇಳಿ. ಅಪ್ಪ ಆಡಿ ಬರುವವರೆಗೆ ಅಮ್ಮ ಮಗುವಿನ ಜೊತೆ ಇರಬಹುದು. ಆಮೇಲೆ ಅಮ್ಮ ಮತ್ತೆ ಉದ್ದದ ಕ್ಯೂ ನಿಲ್ಲಬೇಕಿಲ್ಲ. ಯಜಮಾನರಿಗೆ ಸಂಕೋಚ ಬೇಡ ಅನ್ನಿ, ಮೊದಲ ದಿನವೇ ಗೇಟಲ್ಲಿ ಗಾಲಿಕುರ್ಚಿ ಬಾಡಿಗೆಗೆ ತೆಗೆದುಕೊಳ್ಳಿ. ಅಲ್ಲಿ ನಡೆಯುವ ದೂರ ನಮ್ಮ ಅಂದಾಜಿಗೆ ಮೀರಿದ್ದು.

ಪ್ರಶ್ನೆ: ಬೆಂಗಳೂರಿನ ನೆಂಟರು ಆಗಸ್ಟ್ 15ಕ್ಕೆ ಬರುತ್ತಾರಂತೆ. ಮಳೆಗಾಲ, ಕೊಡಗು ಖಾಲಿ ಇರುತ್ತದೆ, ದುಬಾರೆ, ರಾಜಾಸೀಟು ತೋರಿಸಿ ಅನ್ನುತ್ತಾರೆ. ಏನು ಹೇಳಲಿ?
— ಓದುಗರು, ಗೋಣಿಕೊಪ್ಪಲು

ಉತ್ತರ: ಬೇರೆ ದಿನ ಬನ್ನಿ ಅಂತ ಪ್ರೀತಿಯಿಂದಲೇ ಹೇಳಿ. ಮಳೆ ನೋಡಲೆಂದೇ ಜನ ಬರುವ ಕಾಲ ಇದು. ದುಬಾರೆಯಲ್ಲಿ ರಾಫ್ಟಿಂಗ್ ಜೋರಾಗಿ ನಡೆಯುವುದೂ ಮಳೆಗಾಲದಲ್ಲೇ. ಆಗಸ್ಟ್ 15 ಶನಿವಾರ, ಭಾನುವಾರಕ್ಕೆ ಅಂಟಿಕೊಂಡರೆ ಕುಶಾಲನಗರದಿಂದ ಮಡಿಕೇರಿಯವರೆಗೆ ಗಾಡಿ ತೆವಳುತ್ತದೆ. ಕಾವೇರಿ ತುಂಬಿ ಹರಿದರೆ ದೋಣಿಯನ್ನೇ ನಿಲ್ಲಿಸುತ್ತಾರೆ, ಆನೆ ಕ್ಯಾಂಪಿಗೆ ದಾಟಲು ಆಗುವುದಿಲ್ಲ. ನೆಂಟರು ವಾರದ ನಡುವೆ ರಜೆ ಹಾಕಿ ಬರಲಿ. ರಾಜಾಸೀಟಿಗೆ ಎಲ್ಲರೂ ಸೂರ್ಯಾಸ್ತಕ್ಕೆ ಹೋಗುತ್ತಾರೆ, ನೀವು ಬೆಳಿಗ್ಗೆ ಕರೆದುಕೊಂಡು ಹೋಗಿ. ಆಮೇಲೆ ತಿಂಡಿ ಮಾಡಿ ದುಬಾರೆಗೆ. ಹೊರಡುವ ಮೊದಲು ದೋಣಿ ಇದೆಯೇ ಅಂತ ಕೇಳಿಕೊಳ್ಳಿ.